ತಂತಿ ಒಂದು, ಪಾಲುದಾರರು ಎಂಟು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿ ಮುಗಿಸಿ ಹೋಟೆಲಿಗೆ ಸೇರಿದವನು, ಇಂಜಿನಿಯರನಲ್ಲ. ಆದರೂ ಇಂಟರ್‌ನೆಟ್ಟಿನ ಬಗ್ಗೆ ಎರಡು ಮಾತು ಆಡಲು ನಿಂತಿದ್ದೇನೆ. ಸಂಬಳ, ರಜೆಯ ತಕರಾರುಗಳ ಜೊತೆಗೆ ಈಗ ಇದರ ತಕರಾರೂ ಸಂಘದ ಕಚೇರಿಗೆ ಬರತೊಡಗಿದೆ. ಒಂದು ಖೋಲಿಯಲ್ಲಿ ಎಂಟು ಜನ. ಸಂಪರ್ಕ ಒಂದು. ಹಳೆಯ ಕಂಪ್ಯೂಟರು ಎರಡೋ ಮೂರೋ, ಫೋನು ತಲೆಗೊಂದು. ತಿಂಗಳ ಬಿಲ್ಲನ್ನು ಎಂಟು ಪಾಲು ಮಾಡುತ್ತೇವೆ. ಹಣದ ಪಾಲೇನೋ ಸಮನಾಯಿತು. ವೇಗದ ಪಾಲಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಈ ಹಂಚಿಕೆ ನಡೆಯುವುದು ಹೇಗೆ? ಕಂಪೆನಿಯಿಂದ ಮನೆಗೆ ಬರುವ ತಂತಿ ಒಂದು, ಸಾಮಾನ್ಯವಾಗಿ ವಿಳಾಸವೂ ಒಂದೇ. ಹಳೆಯ ಪದ್ಧತಿಯ ವಿಳಾಸಗಳು ಇಡೀ ಪ್ರಪಂಚಕ್ಕೆ ಸುಮಾರು 429 ಕೋಟಿ ಮಾತ್ರ. ಜನರೇ 800 ಕೋಟಿ ದಾಟಿದ್ದಾರೆ. ಆದುದರಿಂದ ಗೋಡೆಯ ಮೇಲಿನ ಪೆಟ್ಟಿಗೆ, ಅಂದರೆ ರೌಟರ್, ಒಳಗಿನ ಯಂತ್ರಗಳಿಗೆ ತಾನೇ ಮನೆನಂಬರು ಕೊಡುತ್ತದೆ. ಹೆಚ್ಚಾಗಿ ಅದು 192.168 ಎಂದು ಆರಂಭವಾಗುತ್ತದೆ. ನಮಗಿದು ತಿಳಿಯದ ಕೆಲಸವೇನಲ್ಲ. ಐದು ಟೇಬಲುಗಳ ಆರ್ಡರನ್ನು ಒಬ್ಬನೇ ಸಪ್ಲೈಯರ್ ಒಳಗೆ ಕೂಗುತ್ತಾನೆ. ಭಟ್ಟರಿಗೆ ಗಿರಾಕಿಯ ಮುಖ ಗೊತ್ತಿಲ್ಲ. ಮಸಾಲೆ ದೋಸೆ ಯಾವ ಟೇಬಲಿಗೆಂಬುದು ಸಪ್ಲೈಯರನ ತಲೆಯಲ್ಲಿರುತ್ತದೆ. ರೌಟರೂ ಹಾಗೆಯೇ ಲೆಕ್ಕವಿಟ್ಟು, ಕೇಳಿದವನಿಗೇ ಉತ್ತರವನ್ನು ಮುಟ್ಟಿಸುತ್ತದೆ. 1999ರಲ್ಲಿ ವಿಂಡೋಸ್ 98ರ ಎರಡನೆಯ ಆವೃತ್ತಿ ಬಂದಾಗ ಈ ಕೆಲಸಕ್ಕೆ ಒಂದು ಕಂಪ್ಯೂಟರನ್ನೇ ನಿಲ್ಲಿಸಬಹುದಾಯಿತು. ಅದನ್ನು ಆರಿಸಿದರೆ ಉಳಿದವರಿಗೆಲ್ಲ ಉಪವಾಸ!

ಇನ್ನು ಜಗಳದ ಮೂಲ. 40 ಮೆಗಾಬಿಟ್ ಎಂದರೆ ಸೆಕೆಂಡಿಗೆ 40 ಮೆಗಾಬೈಟ್ ಎಂದು ನಮ್ಮವರು ಭಾವಿಸುತ್ತಾರೆ. ಅದನ್ನು ಎಂಟರಿಂದ ಭಾಗಿಸಬೇಕು, ಬರುವುದು 5. ರಾತ್ರಿ ಶಟರು ಎಳೆದು ಬಂದವರೆಲ್ಲ ಒಟ್ಟಿಗೇ ಫೋನು ತೆರೆದರೆ ಆ ಐದರಲ್ಲೇ ಎಲ್ಲರ ಊಟ. ಅದೂ ಸಮಪಂಕ್ತಿಯಲ್ಲ. ಮಿತಿ ಹಾಕದಿದ್ದರೆ, ಹತ್ತು ಕಡೆಯಿಂದ ಇಳಿಸಿಕೊಳ್ಳುವವನು ಒಂದೇ ಪುಟ ಕೇಳಿದವನಿಗಿಂತ ಹೆಚ್ಚು ಎಳೆದುಕೊಳ್ಳುತ್ತಾನೆ. ಮೂಲೆಯಲ್ಲಿ ರಾತ್ರಿಶಾಲೆಯ ಹುಡುಗನೊಬ್ಬ ಪರೀಕ್ಷೆಯ ಅರ್ಜಿ ತುಂಬುತ್ತಿರುತ್ತಾನೆ. ಕೊನೆಯ ದಿನ, ಹನ್ನೆರಡು ಹೊಡೆಯುವುದರೊಳಗೆ ಹಣ ಕಟ್ಟಬೇಕು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಇನ್ನೊಬ್ಬನ ಸಿನಿಮಾಕ್ಕಾಗಿ ಇವನ ಒಂದು ವರ್ಷ ಹೋದರೆ ಕೇಳುವವರು ಯಾರು? ಅವನೂ ಎಂಟರಲ್ಲೊಂದು ಪಾಲು ಕೊಟ್ಟವನೇ. ಮಾಲೀಕರು ಹೀಗೆ ಮಾಡಿದ್ದರೆ ನಾವು ಬಾವುಟ ಹಿಡಿಯುತ್ತಿದ್ದೆವು.

ಆದುದರಿಂದ ಖೋಲಿಯವರೇ ಕುಳಿತು ತೀರ್ಮಾನಿಸಿರಿ: ಯಾವ ವೇಳೆ ಓದುವವರಿಗೆ, ಯಾವ ವೇಳೆ ಸಿನಿಮಾಕ್ಕೆ ಎಂದು. ಕೆಲವು ರೌಟರ್‌ಗಳಲ್ಲಿ ಯಂತ್ರಕ್ಕಿಷ್ಟು ಎಂದು ಮಿತಿ ಹಾಕುವ ಅನುಕೂಲವಿದೆ. ಫೋಟೋಗಳು ತಾವಾಗಿ ಮೇಲೆ ಹೋಗುವುದನ್ನು ಆ ಹೊತ್ತಿಗೆ ನಿಲ್ಲಿಸಿರಿ. ಓದುವ ಕಂಪ್ಯೂಟರಿಗೆ ತಂತಿಯನ್ನೇ ಎಳೆದರೆ ಇನ್ನೂ ಮೇಲು. ಗೋಡೆ ದಾಟುವಾಗ ವೈ-ಫೈ ಸೊರಗುತ್ತದೆ.

ಇನ್ನೊಂದು ಮಾತು, ಇದು ವೇಗಕ್ಕಿಂತ ದೊಡ್ಡದು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಅವನ ಬಾಗಿಲನ್ನೇ ತಟ್ಟುತ್ತಾರೆ. ಸಪ್ಲೈಯರನ ಹಿಂದೆ ಯಾವ ಟೇಬಲಿದೆಯೆಂದು ಹೊರಗಿನವರಿಗೆ ಕಾಣುವುದಿಲ್ಲವಷ್ಟೆ. 2008ರ ಜುಲೈ 26ರಂದು ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಬಂದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯ ಒಬ್ಬ ಅಮೆರಿಕನ್ ನಿವಾಸಿಯ ಮನೆಗೆ ಬಂದರು. ಅವನ ವೈ-ಫೈಯನ್ನು ಬೇರೆಯವರು ಬಳಸಿದ್ದರು. ನಮ್ಮ ಖೋಲಿಗಳಲ್ಲಿ ಇಂದು ಕೆಲಸಕ್ಕೆ ಬಂದವನು ನಾಳೆ ಬೇರೆ ಹೋಟೆಲಿಗೆ ಹೋಗುತ್ತಾನೆ. ಪಾಸ್‌ವರ್ಡ್ ಅವನ ಫೋನಿನಲ್ಲೇ ಹೋಗುತ್ತದೆ. ಒಬ್ಬ ಖೋಲಿ ಬಿಟ್ಟ ದಿನವೇ ಅದನ್ನು ಬದಲಾಯಿಸಿರಿ. ಪೆಟ್ಟಿಗೆಯೊಳಗೆ ಹೋಗುವ ಪಾಸ್‌ವರ್ಡ್ ಬೇರೆಯಿದೆ, ಅದನ್ನೂ ಕಂಪೆನಿ ಕೊಟ್ಟಂತೆಯೇ ಬಿಡಬೇಡಿರಿ. ಪಕ್ಕದ ಖೋಲಿಗೆ ಹಣ ತೆಗೆದುಕೊಂಡು ಸಂಪರ್ಕ ಕೊಡುವ ಗೊಡವೆಯಂತೂ ಬೇಡ.

ಬದಲಾಯಿಸುವ ಬಗೆಯನ್ನು ಸಂಘದ ರೌಟರಿನಲ್ಲಿ ಈಗಲೇ ತೋರಿಸುತ್ತೇನೆ. ಹಿಂದಿನ ಸಾಲಿನವರು ಮುಂದೆ ಬನ್ನಿ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರು ಮೊದಲು.