ರಾತ್ರಿ ಜೋಮು ಹಿಡಿಯುವ ಕೈ
(ಹೊಲಿಗೆ ತರಬೇತಿ ಕೇಂದ್ರದ ಮಹಿಳೆಯರ ಸಭೆಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿ ಮತ್ತೆ ಮಲಗಿದವರು ನಿಮ್ಮಲ್ಲಿ ಎಷ್ಟು ಮಂದಿ? ಸಂಕೋಚ ಬೇಡ, ಕೈ ಎತ್ತಿ. ನೋಡಿ, ಎಷ್ಟೊಂದು ಕೈಗಳು! ನಾವು ಇದನ್ನು 'ವಾಯು' ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಆದರೆ ಇದು ಕಾರ್ಪಲ್ ಟನಲ್ ಸಿಂಡ್ರೋಮ್ ಇರಬಹುದು.

ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಅಂಗೈ ಕಡೆಯಿಂದ ಅವುಗಳ ಮೇಲೆ ಒಂದು ಗಟ್ಟಿ ಪಟ್ಟಿ ಹಾದು ಸುರಂಗದಂತಾಗಿದೆ. ಬೆರಳು ಮಡಿಸುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಆ ಇಕ್ಕಟ್ಟಿನಲ್ಲೇ ಸಾಗಬೇಕು. ಒಳಗೆ ಊತ ಬಂದರೆ ರಜ್ಜುಗಳು ತಡೆದುಕೊಳ್ಳುತ್ತವೆ, ನರ ತಡೆಯುವುದಿಲ್ಲ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತದೆ. ಕಿರುಬೆರಳಿನ ನರ ಬೇರೆ, ಅದು ಸಾಮಾನ್ಯವಾಗಿ ಪಾರಾಗುತ್ತದೆ. ಆದ್ದರಿಂದ ವೈದ್ಯರಲ್ಲಿ 'ಕೈನೋವು' ಎಂದಷ್ಟೇ ಹೇಳಬೇಡಿ, ಯಾವ ಬೆರಳು ಎಂದು ಹೇಳಿ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡಾಗ ಸುರಂಗದೊಳಗೆ ಒತ್ತಡ ಏರುತ್ತದೆ, ರಾತ್ರಿ ಕಾಟ ಹೆಚ್ಚುವುದು ಅದಕ್ಕೇ.

ನನ್ನ ಉಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದರು. ವರ್ಷಗಟ್ಟಲೆ ಕೈ ಜೋಮು ಹಿಡಿಯುತ್ತಿತ್ತು. ನೋವಿನ ಮಾತ್ರೆ ಬರೆದುಕೊಟ್ಟವರಿದ್ದರು, ಕೈ ಹಿಡಿದು ನೋಡಿದವರಿರಲಿಲ್ಲ. ನಾನು ಈ ವಿಷಯ ಓದಿ ಊರಿಗೆ ಬಂದಾಗ ಅವರ ಹೆಬ್ಬೆರಳಿನ ಬುಡದ ಮಾಂಸ ಕರಗಿ ಚಪ್ಪಟೆಯಾಗಿತ್ತು. ಮೊಮ್ಮಗನ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಆ ಪಟ್ಟಿಯನ್ನು ಕತ್ತರಿಸುವ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ರಾತ್ರಿಯ ನೋವು ಹೋಯಿತು. ಹೆಬ್ಬೆರಳಿನ ಬಲ ಮಾತ್ರ ಮರಳಲಿಲ್ಲ. ತಡ ಮಾಡಿದ್ದಕ್ಕೆ ನಾನೂ ಹೊಣೆ.

ಎಲ್ಲವೂ ಕೆಲಸದಿಂದಲೇ ಬರುವುದಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ, ಬೊಜ್ಜು ಇದ್ದವರಿಗೆ ಸಾಧ್ಯತೆ ಹೆಚ್ಚು. ಗರ್ಭಿಣಿಯರಿಗೂ ಬರುತ್ತದೆ, ಹೆರಿಗೆಯ ನಂತರ ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಕಂಪ್ಯೂಟರಿನ ಮೇಲೆ ದೂರು ಹೊರಿಸುವವರು ಬಹಳ, ಆದರೆ ಅದಕ್ಕೆ ಆಧಾರ ಅಷ್ಟು ಗಟ್ಟಿಯಿಲ್ಲ. ಬಿಗಿಯಾಗಿ ಹಿಡಿದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಕೆಲಸ, ನಡುಗುವ ಯಂತ್ರ ಹಿಡಿಯುವ ಕೆಲಸ, ಇವುಗಳ ಮೇಲಿನ ಆರೋಪವೇ ಬಲವಾದದ್ದು.

ನಿಮ್ಮ ಕತ್ತರಿ ಮೊಂಡಾಗಿದ್ದರೆ ಇವತ್ತೇ ಸಾಣೆ ಹಿಡಿಸಿ, ಮೊಂಡು ಕತ್ತರಿ ಹೆಚ್ಚು ಬಲ ಕೇಳುತ್ತದೆ. ಮಣಿಕಟ್ಟು ಮುಂಗೈಗೆ ನೇರವಾಗಿರುವಂತೆ ಕುರ್ಚಿಯ ಎತ್ತರ ಸರಿಮಾಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಕೈ ಬಿಡಿ. ಇಷ್ಟು ಮಾಡಿದರೆ ಖಂಡಿತ ಬಾರದು ಎಂದು ನಾನು ಮಾತು ಕೊಡಲಾರೆ. ಜೋಮು ಶುರುವಾದವರು ರಾತ್ರಿ ಮಣಿಕಟ್ಟು ನೇರವಾಗಿ ನಿಲ್ಲಿಸುವ ಪಟ್ಟಿ ಕಟ್ಟಿ ಮಲಗಿ, ಆರಂಭದಲ್ಲಿ ಬಹಳ ಮಂದಿಗೆ ಅಷ್ಟರಲ್ಲೇ ಹಗುರವಾಗುತ್ತದೆ. ಆಗದಿದ್ದರೆ ಇಂಜೆಕ್ಷನ್ ಇದೆ, ಶಸ್ತ್ರಚಿಕಿತ್ಸೆಯೂ ಇದೆ. ಹಿಡಿದ ವಸ್ತು ಕೈಜಾರುತ್ತಿದ್ದರೆ ಮಾತ್ರ ಕಾಯಬೇಡಿ.

ಈಗ ಎಲ್ಲರೂ ಎರಡೂ ಹಿಂಗೈಗಳನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಗೆ ಮಾಡಿ ಹಿಡಿಯಿರಿ. ಒಂದು ನಿಮಿಷ ನಾನು ಗಡಿಯಾರ ನೋಡುತ್ತೇನೆ. ಬೆರಳಲ್ಲಿ ಜುಮುಜುಮು ಬಂದವರು ಊಟದ ನಂತರ ಪಕ್ಕದ ಕೋಣೆಗೆ ಬನ್ನಿ.