ಎರಡನೆಯ ಸಲ



ಜೀವಮಾನವಿಡೀ ಕಚೇರಿಯ ಲೆಕ್ಕಪತ್ರಗಳ ನಡುವೆ ದುಡಿದ ಒಬ್ಬ ನೌಕರರ ಹೆಸರಿನಲ್ಲಿ ಈ ಉಪನ್ಯಾಸದ ದತ್ತಿ ಸ್ಥಾಪನೆಯಾಗಿದೆ. ಹಾಗಾಗಿ ಇಂದು ದುಡಿಮೆಯ ಜಾಗದಲ್ಲಿನ ಪ್ರಾಮಾಣಿಕತೆಯ ಬಗ್ಗೆಯೇ ಮಾತಾಡಬೇಕೆನಿಸಿತು. ನಾನು ಹೇಳಬೇಕಾದ ಮಾತು ಒಂದೇ. ಮೊದಲ ಸಲ ಸರಿಯಾಗಿ ನಡೆದುಕೊಳ್ಳುವುದನ್ನು ನಿಯಮವೇ ನಮಗೆ ಕಲಿಸುತ್ತದೆ. ನಮ್ಮ ನಿಜವಾದ ಪರೀಕ್ಷೆ ನಡೆಯುವುದು ಎರಡನೆಯ ಸಲ.

ಮಂಜುನಾಥ್ ಷಣ್ಮುಗಂ ಅವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದ ಹುಡುಗ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಲಖನೌದ ಐಐಎಂನಲ್ಲಿ ಆಡಳಿತ ನಿರ್ವಹಣೆಯ ಪದವಿ ಪಡೆದು, ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟ ಅಧಿಕಾರಿಯಾಗಿ ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಗೆ ಹೋದರು. ಪೆಟ್ರೋಲ್ ಬಂಕ್‌ಗಳ ತಪಾಸಣೆ ಅವರ ಕೆಲಸದ ಒಂದು ಭಾಗ.

ಆ ಕಾಲದ ಕಲಬೆರಕೆಯ ಹಿಂದೆ ಸರಳ ಲೆಕ್ಕವೊಂದಿತ್ತು. ಬಡವರ ಒಲೆ, ಬುಡ್ಡಿಗಳಿಗೆಂದು ಸರ್ಕಾರ ಅಗ್ಗಕ್ಕೆ ಕೊಡುತ್ತಿದ್ದ ಪಡಿತರದ ಸೀಮೆಎಣ್ಣೆಗೂ ಡೀಸೆಲ್‌ಗೂ ಬೆಲೆಯಲ್ಲಿ ಬಹಳ ಅಂತರವಿತ್ತು. ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿ ಗುರುತು ಮಾಡಿದ್ದರೂ ಅದು ಕಳ್ಳದಾರಿಯಲ್ಲಿ ಬಂಕಿನ ತೊಟ್ಟಿ ಸೇರುತ್ತಿತ್ತು. ಹೀಗೆ ಬಡವರ ಬುಡ್ಡಿಯೂ ಬರಿದಾಯಿತು, ವಾಹನದ ಎಂಜಿನ್ನೂ ಕೆಟ್ಟಿತು. ಇದರ ಸುಳಿವು ಹಿಡಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗಾಜಿನ ಜಾಡಿಯಲ್ಲಿ ಇಂಧನ ತುಂಬಿ, ಹೈಡ್ರೋಮೀಟರ್ ತೇಲಿಬಿಟ್ಟು ಸಾಂದ್ರತೆ ನೋಡುತ್ತಾರೆ. 15 ಡಿಗ್ರಿ ಉಷ್ಣತೆಗೆ ಹೊಂದಿಸಿದ ಆ ಅಂಕಿಯನ್ನು ಟ್ಯಾಂಕರ್ ಜೊತೆ ಬಂದ ಕಾಗದದಲ್ಲಿರುವ ಅಂಕಿಯೊಂದಿಗೆ ಹೋಲಿಸಿದರೆ ಸಂಶಯಕ್ಕೆ ಎಡೆಯಿದೆಯೇ ಎಂಬುದು ಗೊತ್ತಾಗುತ್ತದೆ. ಕಷ್ಟವೆಲ್ಲ ಇರುವುದು ಕಂಡ ಅಂಕಿಯನ್ನು ಕಂಡಂತೆಯೇ ಬರೆಯುವುದರಲ್ಲಿ.

ಮಂಜುನಾಥ್ ಕಂಡಂತೆಯೇ ಬರೆದರು. ಆ ಜಿಲ್ಲೆಯ ಗೋಲಾ ಗೋಕರ್ಣನಾಥದ ಒಂದು ಬಂಕನ್ನು ಮೂರು ತಿಂಗಳ ಮಟ್ಟಿಗೆ ಮುಚ್ಚಿಸಿದರು. ಅಲ್ಲಿಗೆ ಅವರ ಕರ್ತವ್ಯ ಮುಗಿದಿತ್ತು, ಕಡತ ಅಚ್ಚುಕಟ್ಟಾಗಿತ್ತು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿ ಮತ್ತೆ ವ್ಯಾಪಾರ ಶುರುವಾಗಿತ್ತು. ಬಂಕ್ ಎಂಬುದು ಗುಟ್ಟಾಗಿ ನಡೆಯುವ ಅಂಗಡಿಯಲ್ಲ. ಅಲ್ಲಿ ಎಣ್ಣೆ ಹಾಕಿಸಿಕೊಂಡವರಿಗೆಲ್ಲ ಅದು ತೆರೆದಿರುವುದು ಗೊತ್ತಿತ್ತು. 2005ರ ನವೆಂಬರ್ 19ರಂದು ಮಂಜುನಾಥ್ ಮತ್ತೆ ತಪಾಸಣೆಗೆ ಹೋದರು. ಅಂದೇ ಅವರನ್ನು ಗುಂಡಿಕ್ಕಿ ಕೊಂದರು. ಅವರ ಶವ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿತು. ಆಗ ಅವರಿಗೆ ಇಪ್ಪತ್ತೇಳು ವರ್ಷ. 2007ರಲ್ಲಿ ಸೆಷನ್ಸ್ ನ್ಯಾಯಾಲಯ ಮುಖ್ಯ ಆರೋಪಿಗೆ ಮರಣದಂಡನೆ ವಿಧಿಸಿತು. 2009ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಅವರ ಸಾವಿನ ಬಗ್ಗೆ ಬಹಳ ಜನ ಮಾತಾಡಿದ್ದಾರೆ. ಆ ಎರಡನೆಯ ಭೇಟಿಯ ಬಗ್ಗೆ ಇನ್ನಷ್ಟು ಯೋಚಿಸಬೇಕು.

ಎರಡನೆಯ ಸಲ ಕೇಳಿದಾಗ ಉತ್ತರವೇ ಬದಲಾದ ಘಟನೆಯೊಂದಿದೆ. 1986ರ ಜನವರಿ 27ರ ಸಂಜೆ. ಅಮೆರಿಕದಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಮರುದಿನ ಬೆಳಿಗ್ಗೆ ಹಾರಬೇಕಿತ್ತು. ಅದರ ಪಕ್ಕದ ರಾಕೆಟ್‌ಗಳನ್ನು ತಯಾರಿಸಿದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರುಗಳಿಗೆ ಚಳಿಯ ಭಯ. ರಾಕೆಟಿನ ಭಾಗಗಳ ಸಂದಿಯನ್ನು ಮುಚ್ಚುವ ರಬ್ಬರ್ ಬಳೆಗಳು ಚಳಿಯಲ್ಲಿ ಗಡುಸಾಗಿ ತಮ್ಮ ಕೆಲಸ ಮಾಡದೇ ಹೋಗಬಹುದು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಹಾರಿಸಬೇಡಿ ಎಂದು ಕಂಪನಿ ಫೋನ್ ಸಭೆಯಲ್ಲಿ ಹೇಳಿತು. ಅದು ಸರಿಯಾದ ಉತ್ತರವೇ. ನಾಸಾದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕಂಪನಿಯವರು ತಮ್ಮೊಳಗೆ ಚರ್ಚಿಸಲು ಐದು ನಿಮಿಷ ಕೇಳಿದರು. ಚರ್ಚೆ ಸುಮಾರು ಅರ್ಧ ಗಂಟೆ ನಡೆಯಿತು. ಎಂಜಿನಿಯರ್ ರೋಜರ್ ಬೊಯ್ಸ್‌ಜೋಲಿ ಚಿತ್ರಗಳನ್ನು ಮುಂದಿಟ್ಟು ವಾದಿಸಿದರು. ಕೊನೆಗೆ ತೀರ್ಮಾನ ಆಡಳಿತದವರ ಪಾಲಾಯಿತು, ಉತ್ತರ ‘ಹಾರಿಸಿ’ ಎಂದಾಯಿತು. ಉಡಾವಣಾ ಕೇಂದ್ರದಲ್ಲಿದ್ದ ಅದೇ ಕಂಪನಿಯ ಆಲನ್ ಮ್ಯಾಕ್‌ಡೊನಾಲ್ಡ್ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಮೇಲಧಿಕಾರಿಯಿಂದ ಬಂತು. ಮರುದಿನ, ಹಾರಿದ 73ನೆಯ ಸೆಕೆಂಡಿಗೆ ನೌಕೆ ಛಿದ್ರವಾಗಿ ಅದರಲ್ಲಿದ್ದ ಏಳು ಜನರೂ ಸತ್ತರು.

ಆ ಕೋಣೆಯಲ್ಲಿ ಯಾರೂ ಲಂಚ ಮುಟ್ಟಲಿಲ್ಲ, ಯಾರೂ ಬಂದೂಕು ತೋರಿಸಲಿಲ್ಲ. ಆದರೂ ಪ್ರಶ್ನೆ ತಿರುಗುಮುರುಗಾಯಿತು. ಹಾರುವುದು ಸುರಕ್ಷಿತವೆಂದು ತೋರಿಸಿ ಎನ್ನಬೇಕಾದಲ್ಲಿ, ಅಪಾಯವೆಂದು ನೀವೇ ಸಾಬೀತು ಮಾಡಿ ಎಂಬಂತಾಯಿತು. ನಮ್ಮ ಕಚೇರಿಗಳಲ್ಲಿ ತಪ್ಪು ಒಳಗೆ ಬರುವ ಬಾಗಿಲು ಇದೇ.

ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ಕಾಮಗಾರಿಯ ದಾಸ್ತಾನು ಪುಸ್ತಕ ನನ್ನ ಸಹಿಗೆ ಬಂತು. ಎಣಿಸಿದರೆ ಸಿಮೆಂಟ್ ನಲವತ್ತು ಚೀಲ ಕಡಿಮೆ. ಷರಾ ಬರೆದು ಹಿಂದಕ್ಕೆ ಕಳಿಸಿದೆ. ವಾರದ ಮೇಲೆ ಅದೇ ಲೆಕ್ಕ ಹೊಸ ಹಾಳೆಯಲ್ಲಿ ಮತ್ತೆ ಬಂತು. ಯಾರೂ ಬೆದರಿಸಲಿಲ್ಲ. ‘ಕೆಲಸ ನಿಂತರೆ ಕೂಲಿಯವರ ಬಟವಾಡೆ ನಿಲ್ಲುತ್ತದೆ, ಇದೊಂದು ಸಲ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದರು. ಸಹಿ ಹಾಕಿದೆ. ಆ ನಲವತ್ತು ಚೀಲ ಯಾವ ಕಂಬದಲ್ಲಿ ಇಲ್ಲವೋ ಇಂದಿಗೂ ನನಗೆ ತಿಳಿಯದು. ಆ ಕಟ್ಟಡದ ಮುಂದೆ ಹಾದುಹೋಗುವಾಗಲೆಲ್ಲ ಕಣ್ಣು ಕಂಬಗಳ ಕಡೆಗೇ ಹೋಗುತ್ತದೆ.

ನಮ್ಮ ನೆಲದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕತೆ ನಿಮಗೆ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅದು ಕದ್ದದ್ದೇನಲ್ಲ. ಆದರೂ ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಅಲ್ಲಿಯೇ ಹಾಕಿ ಬನ್ನಿ ಎಂದಳು ಲಕ್ಕಮ್ಮ. ಮಾರಯ್ಯ ಅದೇ ದಾರಿಯಲ್ಲಿ ಎರಡನೆಯ ಸಲ ನಡೆದ. ಈ ಕತೆಯನ್ನು ಸಾಮಾನ್ಯವಾಗಿ ಆಸೆಯ ವಿರುದ್ಧದ ಪಾಠವೆಂದು ಹೇಳುತ್ತೇವೆ. ನನಗೆ ಇದು ಸಹೋದ್ಯೋಗಿಯ ಕತೆಯೂ ಹೌದು. ಮಾರಯ್ಯನಿಗೆ ಹಿಂದಿರುಗುವ ಬಲ ಬಂದದ್ದು, ಹೋಗಿ ಬನ್ನಿ ಎನ್ನುವವಳೊಬ್ಬಳು ಮನೆಯಲ್ಲಿದ್ದುದರಿಂದ.

ವಿದ್ಯಾರ್ಥಿಗಳೆ, ಅದೇ ಪ್ರಶ್ನೆ ನಿಮ್ಮ ಮೇಜಿಗೆ ಮರಳಿ ಬಂದಾಗ ಮೊದಲು ಇದನ್ನು ಕೇಳಿಕೊಳ್ಳಿ: ಹೋದ ವಾರದಿಂದ ಈ ವಾರಕ್ಕೆ ಬದಲಾದದ್ದು ಸಂಗತಿಯೋ, ಕೇಳುವವರ ಒತ್ತಡವೋ? ಸಂಗತಿ ಬದಲಾಗಿಲ್ಲವೆಂದರೆ ನಿಮ್ಮ ಉತ್ತರವೂ ಬದಲಾಗಬೇಕಿಲ್ಲ. ಕಾರಣವನ್ನು ಬರೆದು, ತಾರೀಖು ಹಾಕಿ ಇಡಿ. ಕಾರಣ ಬರೆಯಲು ಕೈ ಹಿಂಜರಿದರೆ ಸಹಿ ಹಾಕಬೇಡಿ.

ಆಡಳಿತ ನಡೆಸುವ ಹಿರಿಯರಲ್ಲಿ ನನ್ನ ಬೇಡಿಕೆ ಇನ್ನೂ ದೊಡ್ಡದು. ಚಾಲೆಂಜರ್ ದುರಂತದ ನಂತರ ತನಿಖಾ ಆಯೋಗದ ಮುಂದೆ ನಿಜ ಹೇಳಿದ ಮ್ಯಾಕ್‌ಡೊನಾಲ್ಡ್ ಅವರನ್ನು ಕಂಪನಿ ಹುದ್ದೆಯಿಂದ ಕೆಳಗಿಳಿಸಿತು. ಅಮೆರಿಕದ ಸಂಸತ್ತಿನ ಸದಸ್ಯರು ದನಿಯೆತ್ತಿದ ಮೇಲೆ ಅವರಿಗೆ ಸ್ಥಾನ ಮರಳಿ ಸಿಕ್ಕಿತು, ರಾಕೆಟಿನ ಮರುವಿನ್ಯಾಸದ ಹೊಣೆಯೂ ಅವರದಾಯಿತು. ಬೇಡ ಎಂದವರ ಕೈಗೇ ಸರಿಪಡಿಸುವ ಕೆಲಸ ಬಂತು. ಅಂಥವರನ್ನು ಉಳಿಸಿಕೊಳ್ಳಲು ಸಂಸತ್ತಿನ ತನಕ ಹೋಗುವಂತಾಗಬಾರದು. ಇಲ್ಲ ಎಂದವರನ್ನು ವರ್ಗ ಮಾಡಬೇಡಿ. ಅಪಾಯದ ತಪಾಸಣೆಗೆ ಒಬ್ಬರನ್ನೇ ಕಳಿಸಬೇಡಿ, ರಕ್ಷಣೆ ಕೊಟ್ಟು ಕಳಿಸಿ. ಮುಚ್ಚಿಸಿದ ಬಾಗಿಲು ತೆರೆದರೆ ಅದನ್ನು ಸಂಸ್ಥೆಯೇ ಪ್ರಶ್ನಿಸಲಿ, ಒಬ್ಬ ನೌಕರನ ತಲೆಗೆ ಬಿಡಬೇಡಿ.

ಆ ನವೆಂಬರಿನಲ್ಲಿ ಮಂಜುನಾಥ್ ಮತ್ತೆ ಹೋದರು. ಅವರಂತೆ ನಾಳೆ ಈ ಸಭೆಯಿಂದಲೂ ಯಾರೋ ಒಬ್ಬರು ಎರಡನೆಯ ಸಲ ಹೊರಡುತ್ತಾರೆ. ಅವರು ಹೊರಟಾಗ ಪಕ್ಕದ ಮೇಜಿನವರು ‘ನಿಲ್ಲಿ, ನಾನೂ ಬರುತ್ತೇನೆ’ ಎನ್ನಲಿ. ಈ ದತ್ತಿಯ ಹೆಸರಿನಲ್ಲಿ ನಾನು ನಿಮ್ಮಿಂದ ಕೇಳುವ ವಚನ ಅಷ್ಟೇ.