ಅಂಗಾಲನ್ನೂ ಒಮ್ಮೆ ನೋಡಿಕೊಳ್ಳೋಣ



ಗದ್ದೆ, ತೋಟಗಳಲ್ಲಿ ದುಡಿಯುವ ನಮ್ಮ ಕಾಲಿಗೆ ಮುಳ್ಳು ಚುಚ್ಚುವುದೂ ಉಂಬಳ ಕಚ್ಚುವುದೂ ನಿತ್ಯದ ಸಂಗತಿ. ಹೀಗಾಗಿ ಅಂಗಾಲಿನಲ್ಲೊಂದು ಕಪ್ಪು ಕಲೆ ಕಂಡರೆ ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಕಲೆಯ ಕುರಿತೇ ಇಂದಿನ ಮಾತು.

ಚರ್ಮಕ್ಕೆ ಬಣ್ಣ ನೀಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರೇ ಮೆಲನೋಮ. ಬಿಳಿಯರಲ್ಲಿ ಇದಕ್ಕೆ ಬಿಸಿಲಿನ ಅತಿನೇರಳೆ ಕಿರಣಗಳು ಮುಖ್ಯ ಕಾರಣ. ನಮ್ಮಂತಹ ಕಂದುಬಣ್ಣದವರಲ್ಲಿ ಈ ರೋಗ ವಿರಳ. ಬಂದಾಗ ಹೆಚ್ಚಾಗಿ ಬಿಸಿಲು ಅಷ್ಟಾಗಿ ತಾಗದ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. 1981ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ತೀರಿಕೊಂಡ ಜಮೈಕಾದ ಗಾಯಕ ಬಾಬ್ ಮಾರ್ಲಿಯವರಿಗೆ ಈ ರೋಗ ಆರಂಭವಾದದ್ದು ಕಾಲ್ಬೆರಳಿನ ಉಗುರಿನ ಕೆಳಗೆ.

ಎಲ್ಲ ಮಚ್ಚೆಯೂ ರೋಗವಲ್ಲ. ಆದರೆ ಎರಡು ಅರ್ಧಗಳು ಸಮನಾಗಿರದ, ಅಂಚು ಕೊರಕಲಾದ, ಹಲವು ಬಣ್ಣ ಬೆರೆತ, 6 ಮಿಲಿಮೀಟರಿಗಿಂತ ಅಗಲವಾದ ಅಥವಾ ದಿನೇ ದಿನೇ ಬದಲಾಗುತ್ತಿರುವ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು. ಉಗುರಿನುದ್ದಕ್ಕೂ ಅಗಲವಾಗುತ್ತಿರುವ ಕಪ್ಪು ಗೆರೆ, ವಾರಗಳು ಕಳೆದರೂ ಮಾಯದ ಹುಣ್ಣು ಇವುಗಳನ್ನೂ ಅಲಕ್ಷಿಸಬಾರದು. ಸುಣ್ಣ ಹಚ್ಚುವುದು, ಬ್ಲೇಡಿನಿಂದ ಕೆತ್ತುವುದು ಸಲ್ಲದು. ಆರಂಭದಲ್ಲೇ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುವ ಸಾಧ್ಯತೆ ಹೆಚ್ಚು.

ಬಿಸಿಲಿನ ಕೆಲಸಕ್ಕೆ ಟೊಪ್ಪಿ, ತುಂಬುತೋಳಿನ ಅಂಗಿ ಒಳ್ಳೆಯದು. ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣವಿಲ್ಲದವರಿಗಂತೂ ಇವು ಅನಿವಾರ್ಯ.

ವಯಸ್ಸಾದವರಿಗೆ ತಮ್ಮ ಅಂಗಾಲು ತಮಗೇ ಕಾಣುವುದಿಲ್ಲ. ವಿದ್ಯಾರ್ಥಿಗಳೇ, ತಿಂಗಳಿಗೊಮ್ಮೆ ನಿಮ್ಮ ಮನೆಯ ಹಿರಿಯರ ಪಾದಗಳನ್ನು ತೊಳೆದು, ಹಗಲು ಬೆಳಕಿನಲ್ಲಿ ನೋಡಿರಿ. ಇಷ್ಟನ್ನು ಮಾಡಿದರೆ ಈ ಮಾತು ಸಾರ್ಥಕ.